ಮೇಲೆ ಸೆಕೆ, ಕೆಳಗೆ ಚಳಿ: ಸೆಂಟ್ರಲ್ ಏಸಿಯ ಬ್ಲೋವರ್ ರಿಪೇರಿ ಮತ್ತು ಒಂದು ಚಿಕ್ಕ ಕಂಟ್ರೋಲರ್

ಡಕ್ಟ್ (ಕೋಣೆ ಕೋಣೆಗೆ ಗಾಳಿ ಒಯ್ಯುವ ಕೊಳವೆ) ಹಾಕಿದ ಸೆಂಟ್ರಲ್ ಏಸಿ ಇರುವ ಎರಡಂತಸ್ತಿನ ಮನೆಯಲ್ಲಿ ಈ ಜಗಳ ತಪ್ಪಿದ್ದಲ್ಲ. ಕೆಳಗೆ ಕೂತವರು ಚಳಿ ಅಂತಾರೆ, ಮಹಡಿಯಲ್ಲಿ ಮಲಗಿದವರು ಸೆಕೆ ಅಂತಾರೆ. ಥರ್ಮೋಸ್ಟಾಟ್ ಇರುವುದು ಕೆಳಗಿನ ಹಾಲಿನಲ್ಲಿ. ಅಲ್ಲಿ 24 ಡಿಗ್ರಿ ಆದರೆ ಅದರ ಕೆಲಸ ಮುಗಿಯಿತು, ಕಂಪ್ರೆಸರ್ ನಿಲ್ಲುತ್ತದೆ. ಮೇಲಿನ ಕೋಣೆ ಇನ್ನೂ 27ರ ಮೇಲೇ ಇರುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: ಥರ್ಮೋಸ್ಟಾಟಿನ ಫ್ಯಾನ್ ಸ್ವಿಚ್ಚನ್ನು 'ಆಟೋ'ದಿಂದ 'ಆನ್'ಗೆ ತಳ್ಳಿಬಿಡಿ, ಕಂಪ್ರೆಸರ್ ನಿಂತರೂ ಬ್ಲೋವರ್ (ಡಕ್ಟಿಗೆ ಗಾಳಿ ತಳ್ಳುವ ಫ್ಯಾನ್) ತಿರುಗುತ್ತಿರಲಿ, ಗಾಳಿ ತಾನೇ ಬೆರೆಯುತ್ತದೆ. ಮಾತು ಅರ್ಧ ಸರಿ. ಬ್ಲೋವರ್ ತಂಪು ಹುಟ್ಟಿಸುವುದಿಲ್ಲ, ಇರುವುದನ್ನು ಆ ಕಡೆಯಿಂದ ಈ ಕಡೆಗೆ ಸಾಗಿಸುತ್ತದೆ ಅಷ್ಟೆ. ಎಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಓಡಿಸಿದರೆ ಅಟ್ಟದ ಬಿಸಿಯನ್ನೂ ಕಾಯಿಲ್ (ಗಾಳಿಯನ್ನು ತಣಿಸುವ ಕೊಳವೆಗಳ ಸುರುಳಿ) ಮೇಲಿನ ನೀರನ್ನೂ ಮನೆಯೊಳಗೆ ಸಾಗಿಸುತ್ತದೆ, ಜೊತೆಗೆ ಕರೆಂಟನ್ನೂ ತಿನ್ನುತ್ತದೆ. ಹಾಗಾಗಿ ಮೊದಲು ಅಳತೆ, ಆಮೇಲೆ ರಿಪೇರಿ, ಕೊನೆಗೆ ಕಂಟ್ರೋಲರ್ ಅಂತ ತೀರ್ಮಾನಿಸಿ ಕೆಲಸ ಶುರು ಮಾಡಿದೆ.

ಮೊದಲು ಅಳತೆ

ಉಷ್ಣತೆ, ತೇವಾಂಶ ಎರಡನ್ನೂ ಅಳೆಯುವ ಎಸ್‌ಎಚ್‌ಟಿ31 ಸೆನ್ಸರ್‌ಗಳನ್ನು ತಲಾ ಒಂದು ಇಎಸ್‌ಪಿ32 ಬೋರ್ಡಿಗೆ (ಕೋಡ್ ಬರೆದು ಓಡಿಸಬಹುದಾದ ಪುಟ್ಟ ಕಂಪ್ಯೂಟರಿಗೆ) ಜೋಡಿಸಿದೆ. ಹಾಲ್, ಮಹಡಿಯ ದೊಡ್ಡ ಕೋಣೆ, ರಿಟರ್ನ್ (ಮನೆಯ ಗಾಳಿ ಏಸಿಗೆ ವಾಪಸ್ ಹೋಗುವ) ಜಾಲರಿಯ ಒಳಗೆ ಮತ್ತು ಮಹಡಿಯ ಸಪ್ಲೈ (ಏಸಿಯಿಂದ ಗಾಳಿ ಬರುವ) ಡಕ್ಟಿನ ಒಳಗೆ ಒಂದೊಂದು. ಸೆನ್ಸರನ್ನು ಬೋರ್ಡಿನ ಮೇಲೇ ಕೂರಿಸಬಾರದು. ಬೋರ್ಡು ಸ್ವತಃ ಬಿಸಿಯಾಗುತ್ತದೆ, ಒಂದೆರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ಒಂದು ಗೇಣು ವೈರ್ ಬಿಟ್ಟು ಕೆಳಗೆ ಇಳಿಬಿಟ್ಟರೆ ಸಾಕು.

ಇಲ್ಲಿ ನಮಗೆ ಬೇಕಿರುವುದು ನಿಖರ ಉಷ್ಣತೆಗಿಂತ ಎರಡು ಜಾಗಗಳ ನಡುವಿನ ವ್ಯತ್ಯಾಸ. ಅದಕ್ಕೆ ಎಲ್ಲ ಸೆನ್ಸರ್‌ಗಳನ್ನೂ ಒಂದೇ ರಟ್ಟಿನ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಯಾವುದು ಎಷ್ಟು ಆಚೀಚೆ ಇದೆ ನೋಡಿ, ಆ ಅಂತರವನ್ನು ಕೋಡಿನಲ್ಲಿ ಕಳೆದುಬಿಟ್ಟೆ. ಈ ಕೆಲಸ ಮಾಡದೆ 1 ಡಿಗ್ರಿ ವ್ಯತ್ಯಾಸದ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಕರೆಂಟಿಗೆ ಬ್ಲೋವರ್ ಲೈನಿಗೆ ವ್ಯಾಟ್ ಮೀಟರ್ ಹಾಕಿದೆ. ಬರೀ ಆಂಪ್ ಅಳೆದು ವೋಲ್ಟಿನಿಂದ ಗುಣಿಸಿದರೆ ಸಾಲದು, ಇಂಥ ಮೋಟರಿನಲ್ಲಿ ಪವರ್ ಫ್ಯಾಕ್ಟರನ್ನೂ (ಆ ಗುಣಲಬ್ಧದಲ್ಲಿ ನಿಜಕ್ಕೂ ಖರ್ಚಾಗುವ ಪಾಲು) ಲೆಕ್ಕಕ್ಕೆ ಹಿಡಿಯಬೇಕು. ಓದಿದ್ದು 480 ವ್ಯಾಟ್. ದಿನವಿಡೀ 'ಆನ್' ಇಟ್ಟರೆ 11.5 ಯೂನಿಟ್. ಇಷ್ಟೇ ಆದರೆ ಪರವಾಗಿಲ್ಲ ಅನ್ನಬಹುದಿತ್ತು. ಆದರೆ ಬ್ಲೋವರ್ ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ಮನೆಯೊಳಗೇ ಸೇರುತ್ತದೆ. ಆ ಬಿಸಿಯನ್ನು ಹೊರಗೆ ಹಾಕಲು ಕಂಪ್ರೆಸರ್ ಮತ್ತೆ ದುಡಿಯಬೇಕು.

ಈ ಬಿಸಿಯನ್ನು ಲೆಕ್ಕ ಹಾಕಬಹುದು. ನಿಮಿಷಕ್ಕೆ 1000 ಘನ ಅಡಿ ಗಾಳಿ ಅಂದರೆ ಸೆಕೆಂಡಿಗೆ ಸುಮಾರು 0.47 ಘನ ಮೀಟರ್. ಅಷ್ಟು ಗಾಳಿಯನ್ನು 1 ಡಿಗ್ರಿ ಬಿಸಿ ಮಾಡಲು ಸುಮಾರು 570 ವ್ಯಾಟ್ ಬೇಕು. ಹಾಗಾದರೆ 480 ವ್ಯಾಟಿನ ಮೋಟರ್ ಗಾಳಿಯನ್ನು 0.8 ಡಿಗ್ರಿಯಷ್ಟು ಬಿಸಿ ಮಾಡುತ್ತದೆ. ನನ್ನ ಸೆನ್ಸರ್‌ಗಳು ಬಿಸಿಲು ಏರಿದ ಮಧ್ಯಾಹ್ನ, ಕಂಪ್ರೆಸರ್ ನಿಂತು ಕಾಯಿಲ್ ಪೂರ್ತಿ ಒಣಗಿದ ಮೇಲೆ, ಸಪ್ಲೈ ಗಾಳಿ ರಿಟರ್ನ್‌ಗಿಂತ 2.6 ಡಿಗ್ರಿ ಬಿಸಿ ಅಂತ ತೋರಿಸಿದವು. ಮೋಟರಿನ ಪಾಲು 0.8. ಉಳಿದ 1.8 ಡಿಗ್ರಿ ಎಲ್ಲಿಂದ ಬಂತು? ಅಟ್ಟದಿಂದ. ಡಕ್ಟ್ ಹಾದುಹೋಗಿರುವುದು ಹೆಂಚಿನಷ್ಟೇ ಕಾದಿರುವ ಅಟ್ಟದಲ್ಲಿ.

ಫ್ಯಾನ್ ಓಡಿಸಲೋ ಬೇಡವೋ ಅನ್ನುವವರು ಈ ಒಂದು ಪರೀಕ್ಷೆ ಮಾಡಿದರೆ ಅರ್ಧ ಉತ್ತರ ಸಿಗುತ್ತದೆ. ಎರಡು ಥರ್ಮಾಮೀಟರ್ ಇದ್ದರೆ ಸಾಕು. ರಿಟರ್ನ್‌ನಲ್ಲಿ ಒಂದು, ದೂರದ ಸಪ್ಲೈ ಜಾಲರಿಯಲ್ಲಿ ಒಂದು. ವ್ಯತ್ಯಾಸ 1 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಡಕ್ಟ್ ಚೆನ್ನಾಗಿದೆ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಮೊದಲು ಡಕ್ಟ್ ನೋಡಿ, ಫ್ಯಾನ್ ವಿಷಯ ಆಮೇಲೆ.

ಕಾಯಿಲ್ ಮೇಲಿನ ನೀರು

ಇಡೀ ಕೆಲಸದಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಇದು. ಏಸಿ ಓಡುವಾಗ ತಣ್ಣಗಿನ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಒಂದಷ್ಟು ತೊಟ್ಟಿಕ್ಕಿ ಡ್ರೈನ್ ಪೈಪಿಗೆ ಹೋಗುತ್ತದೆ. ಉಳಿದದ್ದು ತೆಳುವಾದ ಅಲ್ಯೂಮಿನಿಯಂ ಫಿನ್‌ಗಳ ನಡುವೆ ಅಂಟಿಕೊಂಡಿರುತ್ತದೆ. ಕಂಪ್ರೆಸರ್ ನಿಂತ ತಕ್ಷಣ ಬ್ಲೋವರ್ ಕೂಡ ನಿಂತರೆ ಆ ನೀರು ನಿಧಾನಕ್ಕೆ ಟ್ರೇಗೆ ಇಳಿಯುತ್ತದೆ. ಬ್ಲೋವರ್ ಓಡುತ್ತಲೇ ಇದ್ದರೆ ಆವಿಯಾಗಿ ವಾಪಸ್ ಮನೆಗೇ ಬರುತ್ತದೆ.

ಇದನ್ನು ನೋಡಲು ತೇವಾಂಶದ ಶೇಕಡಾ ಲೆಕ್ಕ ಸಾಲದು. ಗಾಳಿಯ ಉಷ್ಣತೆ ಏರಿಳಿದರೆ ಆ ಶೇಕಡಾ ಕೂಡ ಸುಮ್ನೆ ಏರಿಳಿಯುತ್ತದೆ. ಇಬ್ಬನಿ ಬಿಂದು ನೋಡಬೇಕು, ಅಂದರೆ ಯಾವ ಉಷ್ಣತೆಗೆ ಇಳಿದರೆ ಗಾಳಿಯಲ್ಲಿನ ತೇವ ನೀರಾಗುತ್ತದೋ ಆ ಅಂಕಿ. 24 ಡಿಗ್ರಿಯಲ್ಲಿ ತೇವಾಂಶ ಶೇಕಡಾ 50 ಇದ್ದರೆ ಇಬ್ಬನಿ ಬಿಂದು 13ರ ಹತ್ತಿರ, ಶೇಕಡಾ 60 ಇದ್ದರೆ 16ರ ಹತ್ತಿರ. ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಅನ್ನುವುದು ಇದರಲ್ಲಿ ನೇರವಾಗಿ ಕಾಣುತ್ತದೆ.

ಗ್ರಾಫ್ ನೋಡಿ ಹೇಳುತ್ತಿದ್ದೇನೆ. ಏಸಿ ಓಡುವಾಗ ಸಪ್ಲೈ ಗಾಳಿ 13 ಡಿಗ್ರಿ, ಇಬ್ಬನಿ ಬಿಂದು 12. ಕಂಪ್ರೆಸರ್ ನಿಂತಿತು, ಬ್ಲೋವರ್ ಓಡುತ್ತಿದೆ. ಕೆಲವೇ ನಿಮಿಷದಲ್ಲಿ ಸಪ್ಲೈ ಗಾಳಿ 19ಕ್ಕೆ ಬಂತು, ಇಬ್ಬನಿ ಬಿಂದು 17ಕ್ಕೆ ಹಾರಿತು. ಅದೇ ಹೊತ್ತಿಗೆ ರಿಟರ್ನ್ ಗಾಳಿಯದ್ದು 14ರ ಮೇಲೆ ಸ್ವಲ್ಪ. ಅಂದರೆ ಡಕ್ಟ್ ಒಳಗೆ ಹೋದ ಗಾಳಿಗಿಂತ ಹೊರಬಂದ ಗಾಳಿಯಲ್ಲಿ ನೀರು ಜಾಸ್ತಿ. ಜಾಲರಿಗೆ ಕೈ ಹಿಡಿದವರಿಗೆ ಮಾತ್ರ ಇದು ತಿಳಿಯುವುದೇ ಇಲ್ಲ. 19 ಡಿಗ್ರಿ ಗಾಳಿ ಕೈಗೆ ತಂಪಾಗೇ ಇರುತ್ತದೆ. 'ಕಂಪ್ರೆಸರ್ ನಿಂತರೂ ಪುಕ್ಕಟೆ ತಂಪು ಬರ್ತಿದೆ' ಅಂತ ಜನ ಖುಷಿಪಡುವುದು ಈ ಗಾಳಿಗೇ.

ಪುಕ್ಕಟೆ ಅಲ್ಲ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್‌ನಷ್ಟು ಶಾಖ ಬೇಕು. ಆ ಶಾಖವನ್ನು ಗಾಳಿಯಿಂದ ಕಿತ್ತುಕೊಳ್ಳುವುದರಿಂದ ಗಾಳಿ ತಂಪಾಗುತ್ತದೆ, ನಿಜ. ಆದರೆ ಆ ನೀರನ್ನು ಮತ್ತೆ ಕಾಯಿಲ್ ಮೇಲೆ ಇಳಿಸಲು ಕಂಪ್ರೆಸರ್ ಅಷ್ಟೇ ಶಾಖವನ್ನು ಮತ್ತೆ ಹೊರಹಾಕಬೇಕು. ಅಷ್ಟರಲ್ಲಿ ಮನೆಯಲ್ಲಿ ಅಂಟಂಟು. ಜಿಗುಟು ಅನ್ನಿಸಿದಾಗ ಯಾರೋ ಎದ್ದು ಥರ್ಮೋಸ್ಟಾಟನ್ನು ಒಂದು ಡಿಗ್ರಿ ಇಳಿಸುತ್ತಾರೆ, ಅಲ್ವಾ? ಉಳಿತಾಯ ಅಲ್ಲಿಗೆ ಮುಗಿಯಿತು.

ಒಣ ಹವೆಯ ಜಾಗದಲ್ಲಿ ಇದೇ ಸಂಗತಿ ಅನುಕೂಲವೇ ಆಗಬಹುದು. ತೇವ ಬಂದರೂ ಅಲ್ಲಿ ಯಾರಿಗೂ ತೊಂದರೆ ಇಲ್ಲ. ಮಳೆಗಾಲದಂಥ ಹವೆಯಲ್ಲಿ ಮಾತ್ರ ಏಸಿ ನಿಂತ ಕೂಡಲೇ ಫ್ಯಾನ್ ಓಡಿಸುವುದು ದಂಡ.

ಬ್ಲೋವರ್ ಬಿಚ್ಚಿದ್ದು

ಮೇನ್ ಸ್ವಿಚ್ ಆಫ್ ಮಾಡಿ, ಮಲ್ಟಿಮೀಟರ್ ಹಿಡಿದು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ಬಾಗಿಲು ತೆಗೆಯಬೇಕು. ಮೋಟರಿನ ಕೆಪಾಸಿಟರಿನಲ್ಲಿ ಆಗಲೂ ಚಾರ್ಜ್ ಉಳಿದಿರುತ್ತದೆ. ಅದರ ಎರಡು ಟರ್ಮಿನಲ್‌ಗಳ ನಡುವೆ ರೆಸಿಸ್ಟರ್ ಹಿಡಿದು ಇಳಿಸಿದೆ. ಆಮೇಲೆ ಅಳೆದರೆ, ಮೈಮೇಲೆ 7.5 ಮೈಕ್ರೋಫ್ಯಾರಡ್ ಅಂತ ಬರೆದಿದ್ದ ಕೆಪಾಸಿಟರ್ 5.8 ತೋರಿಸಿತು. ಕೆಪಾಸಿಟರ್ ಹೀಗೆ ಬಲ ಕಳೆದುಕೊಂಡರೆ ಮೋಟರ್ ನಿಲ್ಲುವುದಿಲ್ಲ, ನಿಧಾನವಾಗುತ್ತದೆ, ಬಿಸಿಯಾಗುತ್ತದೆ. ಫ್ಯಾನ್ ತಿರುಗುತ್ತಿದೆ ಅಂತ ಯಾರೂ ಆ ಕಡೆ ನೋಡುವುದಿಲ್ಲ.

ಅದಕ್ಕಿಂತ ದೊಡ್ಡ ಕಥೆ ಚಕ್ರದ್ದು. ಬ್ಲೋವರಿನ ಚಕ್ರದಲ್ಲಿ ಸಣ್ಣ ಸಣ್ಣ ತಗಡಿನ ಎಲೆಗಳು ಮುಂದಕ್ಕೆ ಬಾಗಿ ಸಾಲಾಗಿ ನಿಂತಿರುತ್ತವೆ. ಪ್ರತಿ ಎಲೆಯ ಹೊಟ್ಟೆಯೂ ಚಮಚದ ಹಾಗೆ ಗುಳಿಬಿದ್ದಿರುತ್ತದೆ. ಗಾಳಿಯನ್ನು ಗೋರಿ ಎಸೆಯುವುದು ಆ ಗುಳಿಯೇ. ನನ್ನದರಲ್ಲಿ ಅದು ಬೂದುಬಣ್ಣದ ಧೂಳಿನಿಂದ ಸಮತಟ್ಟಾಗಿತ್ತು. ಬೆರಳಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬಂತು, ಒಳಗೆ ಕೂದಲು, ನೂಲಿನ ಎಳೆ ಎಲ್ಲ ಸೇರಿ ಉಣ್ಣೆಬಟ್ಟೆಯಷ್ಟು ಗಟ್ಟಿ. ಗುಳಿ ತುಂಬಿದ ಮೇಲೆ ಎಲೆ ಗಾಳಿಯನ್ನು ಹಿಡಿಯುವುದೇ ಇಲ್ಲ.

ಚಕ್ರವನ್ನು ಹೊರಗೆ ತಂದು ಹಳೇ ಟೂತ್‌ಬ್ರಷ್ ಮತ್ತು ಸೋಪಿನ ನೀರಿನಿಂದ ಒಂದೊಂದೇ ಎಲೆ ಉಜ್ಜಿದೆ. ಬೇಜಾರಿನ ಕೆಲಸ. ಕೆಲವು ಎಲೆಗಳಿಗೆ ಚಿಕ್ಕ ಕ್ಲಿಪ್ ಸಿಕ್ಕಿಸಿರುತ್ತಾರೆ, ಅದು ತೂಕ ಸರಿದೂಗಿಸಲು. ಕಸ ಅಂದುಕೊಂಡು ಕಿತ್ತರೆ ಚಕ್ರ ನಡುಗುತ್ತದೆ.

ಇನ್ನು ಒತ್ತಡದ ಅಳತೆ, ಅಂದರೆ ಗಾಳಿ ತಳ್ಳಲು ಬ್ಲೋವರ್ ಎಷ್ಟು ತಡೆ ಎದುರಿಸುತ್ತಿದೆ ಅನ್ನುವುದು. ಪಾರದರ್ಶಕ ಪೈಪ್, ಬಣ್ಣ ಬೆರೆಸಿದ ನೀರು, ಒಂದು ಹಲಗೆ, ಇಷ್ಟರಲ್ಲಿ ಮಾನೋಮೀಟರ್ ಆಗುತ್ತದೆ. ಪೈಪನ್ನು ನೆಟ್ಟಗೆ ನಿಲ್ಲಿಸುವ ಬದಲು ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಮಲಗಿಸಿದರೆ 1 ಮಿಲಿಮೀಟರ್ ಏರಿಕೆ 1 ಸೆಂಟಿಮೀಟರ್ ಆಗಿ ಕಾಣುತ್ತದೆ, ಓದಲು ಸುಲಭ. ಬ್ಲೋವರಿನ ಮುಂಚೆ ಒಂದು ತೂತು, ನಂತರ ಒಂದು. ಕಾಯಿಲ್ ಎಲ್ಲಿದೆ ಅಂತ ನೋಡಿಕೊಂಡೇ ಡ್ರಿಲ್ ಹಿಡಿಯಿರಿ, ಅದಕ್ಕೆ ತಗುಲಿದರೆ ಗ್ಯಾಸೆಲ್ಲ ಹೋಯಿತು. ಸಾಮಾನ್ಯವಾಗಿ ಇಂಥ ಯೂನಿಟ್‌ಗಳ ತಗಡಿನ ಮೇಲೆ ಬರೆದಿರುವ ಮಿತಿ ಅರ್ಧ ಇಂಚು ನೀರು, ಅಂದರೆ 12.7 ಮಿಲಿಮೀಟರ್, ಸುಮಾರು 125 ಪ್ಯಾಸ್ಕಲ್. ನನ್ನಲ್ಲಿ 19 ಮಿಲಿಮೀಟರ್ ಇತ್ತು. ಅದರಲ್ಲಿ 8 ಮಿಲಿಮೀಟರ್ ಬರೀ ಫಿಲ್ಟರಿನದ್ದು.

ಫಿಲ್ಟರ್ ಮರ್ವ್ 13 ದರ್ಜೆಯದು (ಮರ್ವ್ ಅಂದರೆ ಎಷ್ಟು ಸಣ್ಣ ಧೂಳನ್ನು ಹಿಡಿಯುತ್ತದೆ ಅನ್ನುವ ಅಳತೆ), ಒಂದು ಇಂಚು ದಪ್ಪ. ದರ್ಜೆ ಇಳಿಸುವ ಬದಲು ಜಾಗ ಮಾಡಿ ನಾಲ್ಕು ಇಂಚು ದಪ್ಪದ ಫಿಲ್ಟರ್ ಕೂರುವ ಪೆಟ್ಟಿಗೆ ಹಾಕಿದೆ. ದಪ್ಪ ಜಾಸ್ತಿ ಆದರೆ ಮಡಿಕೆಗಳು ಆಳವಾಗುತ್ತವೆ, ಗಾಳಿ ಹಾಯುವ ಮೈ ಹೆಚ್ಚುತ್ತದೆ, ತಡೆ ಇಳಿಯುತ್ತದೆ. ಈಗ ಫಿಲ್ಟರಿನ ಪಾಲು 3 ಮಿಲಿಮೀಟರ್. ಒಂದು ಮಾತು: ಚಕ್ರ ತೊಳೆದ ಮೇಲೆ ಡಕ್ಟಿನ ಒತ್ತಡ ಇಳಿಯುವುದಿಲ್ಲ, ಏರುತ್ತದೆ. ಗಾಳಿ ಜಾಸ್ತಿ ಹರಿಯುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಅಂಕಿ ಏರಿತು ಅಂತ ಗಾಬರಿ ಬೇಡ.

ಮೋಟರ್ ಬದಲಾವಣೆ

ಹೊಸ ಕೆಪಾಸಿಟರ್ ಹಾಕಿ ಹಳೇ ಮೋಟರನ್ನೇ ಓಡಿಸಬಹುದಿತ್ತು. ಆದರೆ ನನಗೆ ಬೇಕಿದ್ದುದು ಗಂಟೆಗಟ್ಟಲೆ ನಿಧಾನಕ್ಕೆ ತಿರುಗುವ ಬ್ಲೋವರ್. ಕೆಪಾಸಿಟರ್ ಇರುವ ಹಳೇ ಬಗೆಯ ಮೋಟರಿಗೆ ಅದು ಒಗ್ಗುವುದಿಲ್ಲ. ಕೆಂಪು ವೈರಿನ ಕಡಿಮೆ ವೇಗಕ್ಕೆ ಹಾಕಿದರೂ ವ್ಯಾಟ್ ಅಷ್ಟೇನೂ ಇಳಿಯುವುದಿಲ್ಲ. ಇಸಿಎಂ (ಎಲೆಕ್ಟ್ರಾನಿಕ್ಸ್‌ನಿಂದ ವೇಗ ನಿಯಂತ್ರಿಸುವ) ಮೋಟರಿನಲ್ಲಿ ಹಾಗಲ್ಲ. ಫ್ಯಾನಿನ ನಿಯಮದ ಪ್ರಕಾರ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಷ್ಟು ಪೂರ್ತಿ ಸಿಗುವುದಿಲ್ಲ, ಆದರೂ ಹತ್ತಿರ ಬರಬಹುದು.

ಹಳೇ ಮೋಟರಿನ ಜಾಗಕ್ಕೆ ನೇರವಾಗಿ ಕೂರುವ ಇಸಿಎಂ ಸಿಗುತ್ತದೆ. ಬಿಚ್ಚುವ ಮುಂಚೆ ಚಕ್ರ ತನ್ನ ಕವಚದ ಅಂಚಿನಿಂದ ಎಷ್ಟು ಒಳಗಿದೆ ಅಂತ ಸ್ಕೇಲ್ ಇಟ್ಟು ಗುರುತು ಹಾಕಿಕೊಂಡೆ. ಚಕ್ರ ಒಂದು ಬದಿಗೆ ಸರಿದರೆ ಉಜ್ಜುತ್ತದೆ. ಶಾಫ್ಟಿನ ಒಂದು ಮೈ ಚಪ್ಪಟೆಯಾಗಿರುತ್ತದೆ, ಬಿಗಿಯುವ ಸ್ಕ್ರೂ ಆ ಚಪ್ಪಟೆಯ ಮೇಲೇ ಕೂರಬೇಕು. ನನ್ನ ಶಾಫ್ಟ್ ತುಕ್ಕು ಹಿಡಿದಿತ್ತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಸ್ಕ್ರೂ ಸಡಿಲಿಸಿ, ಶಾಫ್ಟಿನ ಬಯಲಿನಲ್ಲಿದ್ದ ಭಾಗವನ್ನು ಮರಳು ಕಾಗದದಿಂದ ಉಜ್ಜಿದ ಮೇಲೆ ಚಕ್ರ ಜಾರಿ ಬಂತು.

ಹೊಸದನ್ನು ಕೂರಿಸಿದ ಮೇಲೆ ತಿರುಗುವ ದಿಕ್ಕು ನೋಡಲೇಬೇಕು. ಇಂಥ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿ ಅದೇ ದಿಕ್ಕಿಗೆ ಬರುತ್ತದೆ, ಆದರೆ ತುಂಬಾ ಕಡಿಮೆ. ಜಾಲರಿಗೆ ಕೈ ಹಿಡಿದು 'ಬರ್ತಿದೆ' ಅಂತ ಬಾಗಿಲು ಮುಚ್ಚಿದರೆ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಇಸಿಎಂ ಒಳಗೂ ಕೆಪಾಸಿಟರ್ ಇರುತ್ತದೆ, ಮತ್ತೆ ಬಿಚ್ಚಬೇಕಾದರೆ ಪವರ್ ತೆಗೆದು ಐದು ನಿಮಿಷ ಕಾಯಬೇಕು.

ಏಸಿ ಓಡುವಾಗಿನ ವೇಗದಲ್ಲಿ ಈಗ 330 ವ್ಯಾಟ್. ಬರೀ ಗಾಳಿ ಬೆರೆಸುವ ಕಡಿಮೆ ವೇಗದಲ್ಲಿ 85.

ಡಕ್ಟ್ ಮತ್ತು ಬಾಗಿಲು

ಸಾಮಾನ್ಯ ಮನೆಗಳಲ್ಲಿ ಡಕ್ಟಿನ ಸೋರಿಕೆಯಿಂದಲೇ ಶೇಕಡಾ 20ರಿಂದ 30ರಷ್ಟು ಗಾಳಿ ಹೋಗುತ್ತದೆ ಅಂತ ಅಮೆರಿಕ ಸರ್ಕಾರದ ಇಂಧನ ಉಳಿತಾಯ ಕಾರ್ಯಕ್ರಮ ಎನರ್ಜಿ ಸ್ಟಾರ್ ಹೇಳುತ್ತದೆ. ಅಟ್ಟಕ್ಕೆ ಹತ್ತಿ, ಬ್ಲೋವರ್ ಓಡಿಸಿ, ಪ್ರತಿ ಜೋಡಣೆಯ ಹತ್ತಿರ ಊದುಬತ್ತಿ ಹಿಡಿದೆ. ಹೊಗೆ ಎಲ್ಲಿ ಚದುರಿತೋ ಅಲ್ಲಿ ಸೋರಿಕೆ. ಮುಚ್ಚಲು ಮಾಸ್ಟಿಕ್ (ಸಂದು ಮುಚ್ಚುವ ಅಂಟು ಲೇಪ) ಬಳಿದೆ. ಬಟ್ಟೆಯ ಬೆನ್ನಿನ ಡಕ್ಟ್ ಟೇಪಿಗೆ ಹೆಸರಿನಲ್ಲೇ ಡಕ್ಟ್ ಇದ್ದರೂ ಡಕ್ಟಿಗೆ ಆಗಿಬರುವುದಿಲ್ಲ. 1998ರಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು ಬಿಸಿ, ತಂಪು, ಒತ್ತಡ ಕೊಟ್ಟು ಪರೀಕ್ಷಿಸಿದಾಗ ಬಿದ್ದುಹೋದದ್ದು ಅದೇ. ರಿಟರ್ನ್ ಡಕ್ಟ್ ಗ್ಯಾಸ್ ಗೀಸರ್ ಇರುವ ಜಾಗದಲ್ಲಿ ಸೋರುತ್ತಿದ್ದರೆ ಮೊದಲು ಅದನ್ನು ಮುಚ್ಚಿ. ಆ ಸೋರಿಕೆ ಹೊಗೆಯನ್ನು ಚಿಮಣಿಯಿಂದ ವಾಪಸ್ ಎಳೆಯಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಇಂಥ ಮನೆಯಲ್ಲಿ ಬ್ಲೋವರ್ ವೇಗದ ಜೊತೆ ಆಟ ಬೇಡ.

ಮಹಡಿಯ ಕೋಣೆಗೆ ಸಪ್ಲೈ ಇದೆ, ರಿಟರ್ನ್ ಇಲ್ಲ. ಬಾಗಿಲು ಮುಚ್ಚಿದರೆ ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಹಾಗಾಗಿ ಬರುವ ಗಾಳಿಯೂ ಕಡಿಮೆ. ಪರೀಕ್ಷೆ ಸುಲಭ: ಬ್ಲೋವರ್ ಓಡುವಾಗ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು ಬಿಡಿ. ತಾನೇ ಸರಿದರೆ ಒತ್ತಡ ಇದೆ ಅಂತ ಅರ್ಥ. ಬಾಗಿಲ ಮೇಲಿನ ಗೋಡೆಯಲ್ಲಿ ಎರಡೂ ಕಡೆ ಜಾಲರಿ ಇಟ್ಟು ಗಾಳಿಗೆ ದಾರಿ ಮಾಡಿದೆ. ಶಬ್ದ ಸ್ವಲ್ಪ ದಾಟುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಸೋರಿಕೆ ಮುಚ್ಚಿ, ಡಕ್ಟಿಗೆ ಇನ್ನೊಂದು ಸುತ್ತು ನಿರೋಧಕ ಸುತ್ತಿದ ಮೇಲೆ, ಹಿಂದೆ 2.6 ಇದ್ದ ಮಧ್ಯಾಹ್ನದ ವ್ಯತ್ಯಾಸ ಅದೇ ದೊಡ್ಡ ವೇಗದಲ್ಲಿ 1.2ಕ್ಕೆ ಇಳಿಯಿತು. ಕಡಿಮೆ ವೇಗದಲ್ಲಿ ಅದು ಮತ್ತೆ ಏರುತ್ತದೆ, ಯಾಕೆಂದರೆ ಗಾಳಿ ಅಟ್ಟದಲ್ಲಿ ಹೆಚ್ಚು ಹೊತ್ತು ಕಳೆಯುತ್ತದೆ. ಇದನ್ನು ಕಂಟ್ರೋಲರಿಗೆ ಹೇಳಿಕೊಡಬೇಕಾಯಿತು.

ಕಂಟ್ರೋಲರ್

ಥರ್ಮೋಸ್ಟಾಟಿನ ವೈರಿಂಗ್ 24 ವೋಲ್ಟ್ ಆಲ್ಟರ್ನೇಟಿಂಗ್ ಕರೆಂಟಿನದು. ಆರ್ ಅಂದರೆ ಪವರ್, ಸಿ ಅಂದರೆ ಕಾಮನ್, ವೈ ಕಂಪ್ರೆಸರಿಗೆ, ಡಬ್ಲ್ಯೂ ಹೀಟಿಗೆ, ಜಿ ಫ್ಯಾನಿಗೆ. ಆರ್ ಮತ್ತು ಜಿ ಮುಟ್ಟಿದರೆ ಫ್ಯಾನ್ ಓಡುತ್ತದೆ, ಅಷ್ಟೇ. ಹಾಗಾಗಿ ಇಎಸ್‌ಪಿ32ಗೆ ಒಂದು ರಿಲೇ (ಕರೆಂಟಿನಿಂದ ಹಾಕಿ ತೆಗೆಯುವ ಸ್ವಿಚ್) ಜೋಡಿಸಿ, ಅದರ ಒಣ ಕಾಂಟಾಕ್ಟನ್ನು (ತನ್ನದೇ ಕರೆಂಟ್ ಇಲ್ಲದ ಜೋಡಣೆಯನ್ನು) ಆರ್ ಮತ್ತು ಜಿ ನಡುವೆ ಹಾಕಿದೆ. ಥರ್ಮೋಸ್ಟಾಟ್ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತದೆ. ನನ್ನ ಪೆಟ್ಟಿಗೆ ಕೆಟ್ಟರೂ ಏಸಿ ನಿಲ್ಲುವುದಿಲ್ಲ. ಹೀಗೆ ಪಕ್ಕದಲ್ಲಿ ನಿಲ್ಲುವ ಕಂಟ್ರೋಲರೇ ನನಗೆ ಇಷ್ಟ.

ಕಂಪ್ರೆಸರ್ ಓಡುತ್ತಿದೆಯೇ ಅಂತ ತಿಳಿಯಲು ವೈ ಮತ್ತು ಸಿ ನಡುವೆ 24 ವೋಲ್ಟ್ ಆಲ್ಟರ್ನೇಟಿಂಗ್ ಕರೆಂಟಿಗೆ ಕೆಲಸ ಮಾಡುವ ಇನ್ನೊಂದು ಸಣ್ಣ ರಿಲೇ. ಅದರ ಕಾಂಟಾಕ್ಟ್ ಬೋರ್ಡಿನ ಇನ್‌ಪುಟ್‌ಗೆ. ಕೆಲಸ ಮಾಡುವಾಗ ಪವರ್ ತೆಗೆದಿರಲಿ. ಆರ್ ಹೋಗಿ ಸಿಗೆ ತಗುಲಿದರೆ ಏಸಿ ಯೂನಿಟ್ಟಿನ ಕಂಟ್ರೋಲ್ ಬೋರ್ಡಿನ 3 ಅಥವಾ 5 ಆಂಪ್ ಫ್ಯೂಸ್ ಹಾರುತ್ತದೆ. ಫ್ಯೂಸ್ ಇಲ್ಲದ ಹಳೇ ಯೂನಿಟ್ ಆದರೆ ಟ್ರಾನ್ಸ್‌ಫಾರ್ಮರೇ ಹೋಗುತ್ತದೆ.

ನಿಯಮಗಳು ಹೀಗಿವೆ. ಮೇಲೆ ಕೆಳಗಿನ ವ್ಯತ್ಯಾಸ 1.5 ಡಿಗ್ರಿ ದಾಟಿದರೆ ಫ್ಯಾನ್ ಹತ್ತು ನಿಮಿಷ ಓಡಲಿ, 0.8ಕ್ಕೆ ಇಳಿದರೆ ಮೊದಲೇ ನಿಲ್ಲಲಿ. ಹೊರಗಿನ ತೇವ ಜಾಸ್ತಿ ಇರುವ ದಿನ, ಕಂಪ್ರೆಸರ್ ನಿಂತ ಮೇಲೆ ಅರ್ಧ ಗಂಟೆ ಫ್ಯಾನಿಗೆ ಬೀಗ, ಕಾಯಿಲ್ ನೀರು ಇಳಿಯಲಿ. ಓಡುವಾಗ ಸಪ್ಲೈ ಗಾಳಿಯ ಇಬ್ಬನಿ ಬಿಂದು ರಿಟರ್ನ್‌ಗಿಂತ 1 ಡಿಗ್ರಿ ಮೇಲೆ ಹೋದರೆ ತಕ್ಷಣ ನಿಲ್ಲಲಿ. ಸಪ್ಲೈ ಗಾಳಿ ಮಹಡಿಯ ಕೋಣೆಗಿಂತಲೇ ಬಿಸಿ ಇದ್ದರೂ ನಿಲ್ಲಲಿ, ಅದು ಅಟ್ಟ ಕಾದ ಹೊತ್ತು. ಈ ಕೊನೆಯ ನಿಯಮದಿಂದ ಸುಡುಬಿಸಿಲಿನ ಮಧ್ಯಾಹ್ನ ಫ್ಯಾನ್ ಹೆಚ್ಚೂ ಕಡಿಮೆ ಓಡುವುದೇ ಇಲ್ಲ. ಸಂಜೆಯಿಂದ ಬೆಳಗಿನವರೆಗೆ ಅದರ ನಿಜವಾದ ಕೆಲಸ.

ಮಲಗುವ ಹೊತ್ತಿಗೆ 3.5 ಡಿಗ್ರಿ ಇರುತ್ತಿದ್ದ ಅಂತರ ಈಗ 1.5ರ ಆಸುಪಾಸಿನಲ್ಲಿದೆ. ಥರ್ಮೋಸ್ಟಾಟನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟರೂ ಮಹಡಿಯಿಂದ ತಕರಾರು ಬರಲಿಲ್ಲ. ನನ್ನ ಪ್ರಕಾರ ಉಳಿತಾಯ ಆಗುವುದು ಅಲ್ಲಿ, ಫ್ಯಾನಿನಿಂದ ನೇರವಾಗಿ ಅಲ್ಲ. ಮೈಗೆ ಗಾಳಿ ತಾಗಿ ತಂಪೆನಿಸಬೇಕು ಅನ್ನುವವರಿಗೆ ಡಕ್ಟಿನ ಗಾಳಿ ಸಾಲದು, ತಲೆಯ ಮೇಲಿನ ಸೀಲಿಂಗ್ ಫ್ಯಾನೇ ಸರಿ. ಕೋಣೆಯಲ್ಲಿ ಜನ ಇದ್ದಾಗ ಮಾತ್ರ ಅದು ಓಡಬೇಕು, ಯಾಕೆಂದರೆ ಅದು ತಂಪು ಮಾಡುವುದು ಮೈಯನ್ನು, ಕೋಣೆಯನ್ನಲ್ಲ.

ಚಳಿಗಾಲಕ್ಕೆ ನಿಯಮ ಬೇರೆ. ಆಗ ಬಿಸಿ ಗಾಳಿ ಮೇಲೇ ನಿಂತಿರುತ್ತದೆ, ಬೆರೆಸಿದರೆ ಒಳ್ಳೆಯದೇ. ಆದರೆ 20 ಡಿಗ್ರಿಯ ಗಾಳಿ ರಭಸದಿಂದ ಮೈಗೆ ಬಡಿದರೆ ಚಳಿ ಎನ್ನಿಸುತ್ತದೆ. ಜಾಲರಿಯ ರೆಕ್ಕೆಗಳನ್ನು ಗೋಡೆಯ ಕಡೆ ತಿರುಗಿಸಿ, ಕಡಿಮೆ ವೇಗದಲ್ಲೇ ಓಡಿಸುತ್ತೇನೆ.

ಫ್ಯಾನ್ ಓಡುವ ಗಂಟೆ ಜಾಸ್ತಿಯಾದಷ್ಟೂ ಫಿಲ್ಟರ್ ಬೇಗ ಕಪ್ಪಾಗುತ್ತದೆ. ಕ್ಯಾಲೆಂಡರ್ ನೋಡಿ ಬದಲಿಸುವುದನ್ನು ಬಿಟ್ಟಿದ್ದೇನೆ. ಬ್ಲೋವರ್ ಓಡಿದ ಗಂಟೆಗಳನ್ನು ಕಂಟ್ರೋಲರ್ ಎಣಿಸುತ್ತದೆ, ಫಿಲ್ಟರಿನ ಎರಡೂ ಬದಿಗೆ ಪೈಪ್ ಬಿಟ್ಟ ಮಾನೋಮೀಟರ್ ಪಕ್ಕದ ಗೋಡೆಯಲ್ಲೇ ಇದೆ. ಅದರ ನೀರು 6 ಮಿಲಿಮೀಟರಿನ ಗೆರೆ ಮುಟ್ಟಿದರೆ ಫಿಲ್ಟರ್ ಬದಲಿ.